ಉಳಿದವರೆಲ್ಲ ಎಲ್ಲಿ ಹೋದ್ರು? ಒಬ್ಬಳೇ ತುಳಿಯುವ ಸೈಕಲ್ ರೇಸಿನ ಲೆಕ್ಕ

2024ರ ಜುಲೈ 27, ಶನಿವಾರ ಸಂಜೆ. ಉಡುಪಿಯಲ್ಲಿ ಆಟಿಯ ಮಳೆ. ಅಮ್ಮ ಕೆಸುವಿನ ಎಲೆ ಹರಡಿಕೊಂಡು ಪತ್ರೊಡೆಗೆ ಹಿಟ್ಟು ಹಚ್ಚುತ್ತಿದ್ದರು. ನಾನು ಪಕ್ಕದಲ್ಲೇ ಕುಳಿತು ಮೊಬೈಲಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಹೆಂಗಸರ ಸೈಕಲ್ ಟೈಂ ಟ್ರಯಲ್ ನೋಡುತ್ತಿದ್ದೆ. ಅಲ್ಲೂ ಮಳೆ. ಅಮ್ಮ ಒಂದೆರಡು ಸಲ ಬಗ್ಗಿ ನೋಡಿದರು. ಪ್ರತಿ ಸಲವೂ ಪರದೆಯ ಮೇಲೆ ಒಬ್ಬಳೇ, ಹಿಂದೆ ಒಂದು ಕಾರು.

“ಇದು ಎಂತ ರೇಸು ಮಾರಾಯ್ತಿ? ಉಳಿದವರೆಲ್ಲ ಎಲ್ಲಿ ಹೋದ್ರು?”

ಈ ಪ್ರಶ್ನೆ ಅಮ್ಮನದ್ದು ಮಾತ್ರ ಅಲ್ಲ. ಮೊದಲ ಸಲ ಟೈಂ ಟ್ರಯಲ್ ನೋಡುವವರೆಲ್ಲ ಹೀಗೇ ಕೇಳುತ್ತಾರೆ. ಐದು ನಿಮಿಷ ನೋಡಿ ಚಾನೆಲ್ ಬದಲಾಯಿಸುತ್ತಾರೆ. ಒಬ್ಬರನ್ನೊಬ್ಬರು ಹಿಂದೆ ಹಾಕುವುದು ಅಪರೂಪ, ಕೊನೆಗೆ ಹತ್ತು ಜನ ಒಟ್ಟಿಗೆ ನುಗ್ಗುವುದಿಲ್ಲ. ನನಗೂ ಮೊದಲು ಬೋರ್ ಆಗುತ್ತಿತ್ತು. ಒಳಗಿನ ಲೆಕ್ಕ ಸ್ವಲ್ಪ ಗೊತ್ತಾದ ಮೇಲೆ ಈಗ ಗುಂಪು ರೇಸಿಗಿಂತ ಇದೇ ಜಾಸ್ತಿ ಇಷ್ಟ.

ಅಮ್ಮನ ತವರು ಮೂಲ್ಕಿ ಕಡೆ. ಹಾಗಾಗಿ ಕಂಬಳದಿಂದಲೇ ಶುರು ಮಾಡಿದೆ. ಜೋಡುಕರೆಯಲ್ಲಿ, ಅಂದರೆ ಎರಡು ಕೆಸರಿನ ಓಟದ ದಾರಿಯಲ್ಲಿ, ಎರಡು ಜೊತೆ ಕೋಣ ಪಕ್ಕಪಕ್ಕ ಬರುತ್ತವೆ, ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತವರಿಗೆ ಯಾರು ಮುಂದೆ ಅಂತ ಕಣ್ಣಿಗೇ ಕಾಣುತ್ತದೆ. ಇಲ್ಲಿ ಕರೆ ಒಂದೇ. ಒಬ್ಬೊಬ್ಬರನ್ನೇ ಬಿಡುತ್ತಾರೆ. ಮಂಜೊಟ್ಟಿಯಲ್ಲಿ ಗಡಿಯಾರ ಮಾತ್ರ ಇರುತ್ತದೆ. ಎಲ್ಲರೂ ಓಡಿ ಮುಗಿದ ಮೇಲೆ ಯಾರ ಸಮಯ ಕಡಿಮೆಯೋ ಅವರು ಗೆದ್ದ ಹಾಗೆ.

“ಹಾಗಾದ್ರೆ ಕೊನೆಗೆ ಹೋದವಳಿಗೆ ಲಾಭ ಅಲ್ವಾ? ಎಲ್ಲರ ಟೈಮು ಗೊತ್ತಿರ್ತದೆ.”

ಸರಿಯಾದ ಮಾತು. ಅದಕ್ಕೇ ಬಲಿಷ್ಠರು ಕೊನೆಯಲ್ಲಿ ಹೊರಡುವ ಹಾಗೆ ಸಾಲು ಮಾಡುತ್ತಾರೆ. ಇಬ್ಬರ ನಡುವೆ ಒಂದೋ ಒಂದೂವರೆಯೋ ಎರಡೋ ನಿಮಿಷದ ಅಂತರ. ಶುರುವಿಗೆ ಒಂದು ಇಳಿಜಾರು ಅಟ್ಟಣಿಗೆ ಇರುತ್ತದೆ. ಹಿಂದಿನಿಂದ ಒಬ್ಬರು ಸೀಟು ಹಿಡಿದುಕೊಂಡಿರುತ್ತಾರೆ, ಸವಾರಳ ಎರಡೂ ಕಾಲು ಪೆಡಲ್ ಮೇಲೆ. ಬೀಪ್ ಬೀಪ್ ಅಂತ ಎಣಿಕೆ ಮುಗಿದ ಕೂಡಲೇ ಕೆಳಗೆ ಜಾರಿ ಹೊರಟಳು. ದಾರಿಯಲ್ಲಿ ಒಂದೆರಡು ಕಡೆ ನಡುವಿನ ಸಮಯ ಅಳೆಯುತ್ತಾರೆ. ಆವರೆಗೆ ಅತಿ ಬೇಗ ಮುಗಿಸಿದವಳು ಗುರಿಯ ಹತ್ತಿರ ಒಂದು ಕುರ್ಚಿಯಲ್ಲಿ ಕುಳಿತಿರುತ್ತಾಳೆ. ಅದಕ್ಕೆ ಹಾಟ್ ಸೀಟ್ ಅಂತಾರೆ. ಇನ್ನೊಬ್ಬಳು ಇನ್ನೂ ಬೇಗ ಬಂದರೆ ಎದ್ದು ಜಾಗ ಬಿಡಬೇಕು. ಕ್ಯಾಮೆರಾ ಅವಳ ಮುಖದ ಮೇಲೇ ಇರುತ್ತದೆ ಪಾಪ.

ಇನ್ನು ಎದುರಾಳಿ ಯಾರು ಅನ್ನುವುದಕ್ಕೆ ಬರೋಣ. ಎದುರಾಳಿ ಗಾಳಿ.

ಕರಾವಳಿಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋದವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಹೆದ್ದಾರಿಯಲ್ಲಿ ಮೆಲ್ಲಗೆ ಹೋಗುವ ಟೆಂಪೋದ ಹಿಂದೆ ಸೇರಿಕೊಂಡರೆ ಕಾಲಿಗೆ ಭಾರವೇ ಇರುವುದಿಲ್ಲ. (ಮಾಡಬೇಡಿ. ನಾನು ಮಾಡಿ ಮೊಣಕಾಲು ಕೆತ್ತಿಸಿಕೊಂಡಿದ್ದೇನೆ.) ಗುಂಪು ರೇಸಿನಲ್ಲಿ ಸೈಕಲ್‌ಗಳು ಹೀಗೇ ಒಂದರ ಹಿಂದೆ ಒಂದು ಅಂಟಿಕೊಂಡು ಹೋಗುತ್ತವೆ. ಮುಂದಿನವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ಕಾಲು ಭಾಗಕ್ಕೂ ಮಿಕ್ಕಿ ಶ್ರಮ ಉಳಿಯುತ್ತದೆ. ಟೈಂ ಟ್ರಯಲ್‌ನಲ್ಲಿ ಈ ಸೌಲಭ್ಯ ಇಲ್ಲ. ಮುಂದೆ ಹೊರಟವಳನ್ನು ಹಿಡಿದುಬಿಟ್ಟರೂ ಅವಳ ಬೆನ್ನಿಗೆ ಸೇರುವ ಹಾಗಿಲ್ಲ. ಪಕ್ಕಕ್ಕೆ ಕನಿಷ್ಠ 2 ಮೀಟರ್ ಬಿಟ್ಟು ದಾಟಬೇಕು. ಹಿಂದೆ ಬಿದ್ದವಳು ಆಮೇಲೆ 25 ಮೀಟರ್ ಅಂತರ ಇಟ್ಟುಕೊಳ್ಳಬೇಕು. ತಂಡದ ಕಾರಿಗೂ ಅಂತರದ ನಿಯಮ ಉಂಟು. ಕಾರು ತೀರಾ ಹತ್ತಿರ ಬಂದರೆ ಅದರ ಮುಂದಿನ ಗಾಳಿಯ ಒತ್ತಡ ಸೈಕಲ್ಲಿಗೆ ಹಿಂದಿನಿಂದ ಚೂರು ಸಹಾಯ ಮಾಡುತ್ತದೆ. ಕಾರು ಹಿಂದಿದ್ದರೆ ಎಂತ ಲಾಭ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ.

ಗಾಳಿಯ ಲೆಕ್ಕ ತುಂಬಾ ನಿರ್ದಯ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ತಳ್ಳಲು ಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೀವು ಮಾತಾಡಿಕೊಂಡು ಹೋಗುತ್ತೀರಿ. 40 ಅಂದರೆ ಗಾಳಿಗೇ ಅದರ ಎಂಟು ಪಟ್ಟು ಕೊಡಬೇಕು. ಪ್ಯಾರಿಸ್‌ನಲ್ಲಿ ಗೆದ್ದ ಆಸ್ಟ್ರೇಲಿಯಾದ ಗ್ರೇಸ್ ಬ್ರೌನ್ 32.4 ಕಿಲೋಮೀಟರನ್ನು 39 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಗಂಟೆಗೆ ಸುಮಾರು 49 ಕಿಲೋಮೀಟರ್, ಅದೂ ಒದ್ದೆ ರಸ್ತೆಯಲ್ಲಿ. ಆ ವೇಗದಲ್ಲಿ ಸಮತಟ್ಟು ರಸ್ತೆಯ ಮೇಲೆ ಕಾಲಿನ ಶಕ್ತಿಯಲ್ಲಿ ನೂರಕ್ಕೆ 85-90 ಪಾಲು ಗಾಳಿಗೇ ಹೋಗುತ್ತದೆ. 48ರಿಂದ 49ಕ್ಕೆ ಏರಬೇಕಾದರೆ ವೇಗ ನೂರಕ್ಕೆ ಎರಡರಷ್ಟು ಹೆಚ್ಚಾದ ಹಾಗೆ, ಆದರೆ ಗಾಳಿಯ ಪಾಲು ನೂರಕ್ಕೆ ಆರರಷ್ಟು ಏರುತ್ತದೆ.

ಕಾಲಿನ ಬಲವನ್ನು ನೂರಕ್ಕೆ ಆರು ಹೆಚ್ಚಿಸಲು ವರ್ಷಗಟ್ಟಲೆ ಬೇಕು. ಮೈಯನ್ನು ಚಿಕ್ಕದು ಮಾಡಿಕೊಳ್ಳುವುದು ಅದಕ್ಕಿಂತ ಸುಲಭ. ಆ ವಿಚಿತ್ರ ಭಂಗಿಗೆ ಇದೇ ಕಾರಣ. ಮುಂದಕ್ಕೆ ಚಾಚಿದ ಎರಡು ಕೋಲುಗಳ ಮೇಲೆ ಮುಂಗೈ ಊರಿ, ಭುಜ ಒಳಗೆ ಎಳೆದುಕೊಂಡು, ತಲೆಯನ್ನು ಕೈಗಳ ನಡುವೆ ತಗ್ಗಿಸಿ, ಬೆನ್ನು ಮೇಜಿನ ಹಾಗೆ ಮಟ್ಟಸ ಇಟ್ಟು ಕೂರುವುದು. ಗಾಳಿ ತಡೆಯುವುದರಲ್ಲಿ ಸೈಕಲ್ಲಿನ ಪಾಲು ಕಡಿಮೆ, ನಾಲ್ಕರಲ್ಲಿ ಮೂರರಷ್ಟು ಪಾಲು ಮೈಯದ್ದೇ. ಜನ ಲಕ್ಷಗಟ್ಟಲೆ ಬೆಲೆಯ ಸೈಕಲ್ ನೋಡಿ ಬಾಯಿ ಬಿಡುತ್ತಾರೆ. ನೋಡಬೇಕಾದದ್ದು ಭುಜ. ದಣಿದವಳ ಭುಜ ಮೊದಲು ಅಗಲವಾಗುತ್ತದೆ, ತಲೆ ಮೇಲೆ ಕೆಳಗೆ ಆಡಲು ಶುರುವಾಗುತ್ತದೆ. ಹಿಂದೆ ಬಿದ್ದಳು ಅಂತ ಪರದೆಯಲ್ಲಿ ಸಮಯ ಕೆಂಪು ಬಣ್ಣಕ್ಕೆ ತಿರುಗುವ ಮೊದಲೇ ಇದು ಕಾಣಿಸುತ್ತದೆ.

ಸೈಕಲ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದಿನ ಚಕ್ರ ಕಡ್ಡಿಗಳಿಲ್ಲದೆ ತಟ್ಟೆಯ ಹಾಗೆ ಮುಚ್ಚಿರುತ್ತದೆ, ಗಾಳಿ ಕಲಕದಿರಲಿ ಅಂತ. ಮುಂದಿನದನ್ನು ಹಾಗೆ ಮುಚ್ಚಿದರೆ ಅಡ್ಡಗಾಳಿ ಹ್ಯಾಂಡಲನ್ನೇ ತಿರುಗಿಸಿಬಿಡುತ್ತದೆ. ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು. ಹೊರಡುವ ಮೊದಲು ಅಧಿಕಾರಿಗಳು ಅದರ ತೂಕ, ಅಳತೆ ಎರಡನ್ನೂ ನೋಡುತ್ತಾರೆ. ಕಾಲುಚೀಲ ಪಾದದ ಗಂಟಿಗೂ ಮೊಣಕಾಲಿಗೂ ನಡುವಿನ ಅರ್ಧಕ್ಕಿಂತ ಮೇಲೆ ಹೋಗಬಾರದು ಅಂತಲೂ ನಿಯಮ ಉಂಟು! ನಗಬೇಡಿ, ದೊರಗು ಬಟ್ಟೆಯ ಉದ್ದ ಕಾಲುಚೀಲ ಹಾಕಿಕೊಂಡರೆ ಗಾಳಿ ಚೂರು ಸಲೀಸಾಗಿ ಜಾರುತ್ತದೆ.

ಚೂರು ಅಂದರೆ ಎಷ್ಟು? ಅದೇ ಪ್ಯಾರಿಸ್ ರೇಸಿನಲ್ಲಿ ಬ್ರೌನ್ ಒಂದೂವರೆ ನಿಮಿಷದಷ್ಟು ಮುಂದಿದ್ದರು, ಅದು ಬೇರೆ ಮಾತು. ಎರಡನೆಯ ಸ್ಥಾನ ಬ್ರಿಟನ್ನಿನ ಆನಾ ಹೆಂಡರ್ಸನ್‌ಗೆ, ಮೂರನೆಯದು ಅಮೆರಿಕದ ಕ್ಲೋಯಿ ಡೈಗರ್ಟ್‌ಗೆ. ಅವರಿಬ್ಬರ ನಡುವೆ ಒಂದು ಸೆಕೆಂಡೂ ಇರಲಿಲ್ಲ. ಆ ವೇಗದಲ್ಲಿ ಅದು ಹನ್ನೊಂದು ಹನ್ನೆರಡು ಮೀಟರ್. ಅಂದರೆ ಉಡುಪಿಯಿಂದ ಮಂಗಳೂರಿಗೆ ಹೋಗುವ ಒಂದು ಬಸ್ಸಿನ ಉದ್ದ. 32 ಕಿಲೋಮೀಟರ್ ತುಳಿದ ಮೇಲೆ ಬೆಳ್ಳಿಗೂ ಕಂಚಿಗೂ ಒಂದು ಬಸ್ಸಿನ ವ್ಯತ್ಯಾಸ! ಅದರಲ್ಲೂ ಡೈಗರ್ಟ್ ಆ ದಿನ ಒಂದು ತಿರುವಿನಲ್ಲಿ ಜಾರಿ ಬಿದ್ದು, ಎದ್ದು ಮತ್ತೆ ಹತ್ತಿದ್ದರು. ಅಮ್ಮ ಆಗ “ಅಯ್ಯೋ” ಅಂತ ಹಿಟ್ಟಿನ ಕೈಯನ್ನೇ ಬಾಯಿಗೆ ಹಿಡಿದರು. ನಮ್ಮ ಮನೆಯಲ್ಲಿ ಟೈಂ ಟ್ರಯಲ್ಲಿಗೆ ಅಭಿಮಾನಿ ಒಬ್ಬರು ಹೆಚ್ಚಾದದ್ದು ಆ ಹೊತ್ತಿಗೆ. ಮರುಗಳಿಗೆ ಕರೆಂಟೂ ಹೋಯಿತು, ವೈಫೈಯೂ ಹೋಯಿತು. ಉಳಿದದ್ದನ್ನು ಅಡುಗೆಮನೆಯ ಕಿಟಕಿ ಹತ್ತಿರ ನಿಂತು ಮೊಬೈಲ್ ಡೇಟಾದಲ್ಲೇ ನೋಡಿದೆವು.

ಡೈಗರ್ಟ್ ಬಗ್ಗೆ ಇನ್ನೊಂದು ಮಾತು. 2019ರಲ್ಲಿ ಯಾರ್ಕ್‌ಶೈರಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದೂವರೆ ನಿಮಿಷದ ಅಂತರದಿಂದ ಗೆದ್ದವರು ಅವರು. ಮರುವರ್ಷ ಇಟಲಿಯ ಇಮೋಲಾದಲ್ಲಿ ನಡುವಿನ ಅಳತೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಒಂದು ತಿರುವಿನಲ್ಲಿ ಹಿಡಿತ ತಪ್ಪಿ ರಸ್ತೆಬದಿಯ ತಡೆಬೇಲಿಯ ಆಚೆ ಹೋಗಿ ಬಿದ್ದರು. ಕಾಲಿಗೆ ಆಳವಾದ ಗಾಯ. ಚೇತರಿಸಿಕೊಳ್ಳಲು ತುಂಬಾ ಕಾಲ ಬೇಕಾಯಿತು. 2023ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಮತ್ತೆ ಗೆದ್ದರು, ಬ್ರೌನ್‌ಗಿಂತ ಆರು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಈ ಆಟದಲ್ಲಿ ತಿರುವು ಅಂದರೆ ಹೀಗೆ. ಮುಂಗೈ ಊರಿದಾಗ ಬೆರಳು ಬ್ರೇಕಿನ ಮೇಲೆ ಇರುವುದಿಲ್ಲ. ಬ್ರೇಕ್ ಬೇಕಾದರೆ ಕೈ ತೆಗೆದು ಅಗಲ ಹಿಡಿಕೆಗೆ ಹಾಕಬೇಕು, ಮೈ ಎದ್ದು ಗಾಳಿಗೆ ಸಿಗುತ್ತದೆ. ಕೈ ತೆಗೆಯದೆ ತಿರುಗಿಸಿದರೆ ಸೆಕೆಂಡು ಉಳಿಯುತ್ತದೆ, ಆದರೆ ಬೀಳುವ ಭಯ. ಪ್ರತಿ ತಿರುವಿಗೂ ಈ ವ್ಯಾಪಾರ ಇದ್ದದ್ದೇ.

ಈಗ ನನ್ನ ಪ್ರಕಾರ ಅತಿ ಮುಖ್ಯವಾದದ್ದು. ಶಕ್ತಿಯನ್ನು ಹೇಗೆ ಖರ್ಚು ಮಾಡುವುದು?

ಉಡುಪಿಯಿಂದ ಮಣಿಪಾಲಕ್ಕೆ ಸೈಕಲ್‌ನಲ್ಲಿ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲ್ಸಂಕದಲ್ಲಿ ಹುರುಪಿನಿಂದ ಹೊರಟು, ಕುಂಜಿಬೆಟ್ಟಿನವರೆಗೆ ರಿಕ್ಷಾಗಳ ಜೊತೆ ಪಂಥ ಕಟ್ಟಿ, ಇಂದ್ರಾಳಿ ಸೇತುವೆ ದಾಟುವಾಗ ಏದುಸಿರು. ಮುಂದಿನ ಏರಿನಲ್ಲಿ ಇಳಿದು ತಳ್ಳುವುದು. ಮೊದಲ ಐದು ನಿಮಿಷ ಕಾಲು ಸುಳ್ಳು ಹೇಳುತ್ತದೆ. ಇನ್ನೂ ಬೇಕಾದಷ್ಟು ಉಂಟು ಅನ್ನುತ್ತದೆ. ಆಗ ನಂಬಿ ಮಿತಿ ದಾಟಿದರೆ ಸ್ನಾಯು ಉರಿಯಲು ಶುರುವಾಗಿ, ಆಮೇಲೆ ಉಳಿದ ಅರ್ಧ ಗಂಟೆ ಆ ಸಾಲ ತೀರಿಸುವುದೇ ಕೆಲಸ. ದೊಡ್ಡ ರೇಸುಗಳಲ್ಲಿ ಹ್ಯಾಂಡಲ್ ಮೇಲೆ ಪವರ್ ಮೀಟರ್‌ನ ಅಂಕಿ ಕಾಣುತ್ತಿರುತ್ತದೆ. ಎಷ್ಟು ವ್ಯಾಟ್ ತುಳಿಯುತ್ತಿದ್ದೇನೆ ಅಂತ ನೋಡಿ ಶುರುವಿನಲ್ಲಿ ಕಾಲನ್ನು ಹಿಡಿದಿಟ್ಟುಕೊಳ್ಳುತ್ತಾರೆ.

ಹಾಗಂತ ಕೊನೆವರೆಗೆ ಒಂದೇ ಸಮ ತುಳಿಯುವುದೂ ಸರಿಯಲ್ಲ. ಏರಿನಲ್ಲಿ, ಎದುರುಗಾಳಿಯಲ್ಲಿ ಸ್ವಲ್ಪ ಜಾಸ್ತಿ ಕೊಡಬೇಕು. ಇಳಿಜಾರಿನಲ್ಲಿ, ಬೆನ್ನಗಾಳಿಯಲ್ಲಿ ಸ್ವಲ್ಪ ಉಳಿಸಬೇಕು. ನಮಗೆ ಅನ್ನಿಸುವುದು ಇದಕ್ಕೆ ಉಲ್ಟಾ, ಅಲ್ವಾ? ಸಲೀಸಾಗಿ ಹೋಗುವಾಗ ಇನ್ನೂ ಜೋರು ತುಳಿಯೋಣ ಅಂತ. ಒಂದು ಚಿಕ್ಕ ಲೆಕ್ಕ ನೋಡಿ. ಗಾಳಿ ಇಲ್ಲದ ದಿನ ಗಂಟೆಗೆ 40ರ ವೇಗದಲ್ಲಿ 10 ಕಿಲೋಮೀಟರ್ ಹೋಗಿ 10 ಕಿಲೋಮೀಟರ್ ವಾಪಸ್ ಬಂದರೆ 30 ನಿಮಿಷ. ಗಾಳಿ ಇದ್ದು, ಎದುರಿಗೆ 30, ಬೆನ್ನಿಗೆ 50 ಆಯಿತು ಅಂತಿಟ್ಟುಕೊಳ್ಳಿ. ಸರಾಸರಿ ಮತ್ತೆ 40 ತಾನೇ ಅನ್ನಿಸುತ್ತದೆ. ಆದರೆ ಹೋಗಲು 20 ನಿಮಿಷ, ಬರಲು 12. ಒಟ್ಟು 32. ನಿಧಾನದ ದಾರಿಯಲ್ಲಿ ಹೊತ್ತು ಜಾಸ್ತಿ ಕಳೆಯುತ್ತದೆ, ಹಾಗಾಗಿ ಅಲ್ಲಿ ಹಾಕಿದ ಶಕ್ತಿಗೆ ಬೆಲೆ ಜಾಸ್ತಿ. ಬೆನ್ನಗಾಳಿಯಲ್ಲಿ 50ನ್ನು 52 ಮಾಡಲು ಹೋದರೆ ಸುಮ್ನೆ ದಂಡ.

ನಮ್ಮ ಕರಾವಳಿಯ ಗಾಳಿಗೆ ಇನ್ನೊಂದು ಗುಣ ಉಂಟು. ಹೆದ್ದಾರಿ 66 ಬಹುಪಾಲು ಕಡಲಿನ ಗುಂಟ ತೆಂಕು ಬಡಗಾಗಿ ಹೋಗುತ್ತದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುವ ಗಾಳಿ ರಸ್ತೆಗೆ ಅಡ್ಡ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ತಟ್ಟೆ ಚಕ್ರದ ಸೈಕಲ್ಲಿಗೆ ಅದು ಪರೀಕ್ಷೆಯ ಜಾಗ ಆದೀತು. ಬೆಳಿಗ್ಗೆ ಬೇಗ ಹೋದರೆ ನೆಲದ ಕಡೆಯಿಂದ ತೆಳ್ಳಗಿನ ಗಾಳಿ, ತೊಂದರೆ ಇಲ್ಲ.

ಮತ್ತೆ ಸೆಕೆ. ಇಲ್ಲೊಂದು ತಮಾಷೆ ಉಂಟು. ಸೆಕೆಯಲ್ಲಿ ಗಾಳಿ ದಪ್ಪ ಆದ ಹಾಗೆ ಅನ್ನಿಸುತ್ತದೆ, ಉಸಿರು ಕಟ್ಟಿದ ಹಾಗೆ. ನಿಜವಾಗಿ ಬಿಸಿ ಗಾಳಿ ತಣ್ಣನೆಯ ಗಾಳಿಗಿಂತ ಹಗುರ. ನೀರಿನ ಆವಿ ಸೇರಿದರೆ ಇನ್ನೂ ಹಗುರ, ಯಾಕಂದರೆ ಆವಿಯ ಕಣ ಸಾರಜನಕ ಆಮ್ಲಜನಕದ ಕಣಗಳಿಗಿಂತ ಕಡಿಮೆ ತೂಕದ್ದು. ಯುರೋಪಿನ ಚಳಿಗೆ ಹೋಲಿಸಿದರೆ ಮಂಗಳೂರಿನ ಗಾಳಿ ಸೈಕಲ್ಲಿಗೆ ಕಡಿಮೆ ತಡೆ ಕೊಡುತ್ತದೆ. ಹಾಗಾದರೆ ಇಲ್ಲಿ ದಾಖಲೆ ಮುರಿಯಬಹುದಾ? ಆಗಲಿಕ್ಕಿಲ್ಲ. ಪೆಡಲ್ ಮೇಲೆ 300 ವ್ಯಾಟ್ ಬೀಳಬೇಕಾದರೆ ಮೈಯೊಳಗೆ 1000 ವ್ಯಾಟಿನಷ್ಟು ಬಿಸಿ ಹುಟ್ಟುತ್ತದೆ. ಅಂದರೆ ಹೊಟ್ಟೆಯೊಳಗೆ ಒಂದು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟ ಹಾಗೆ. ಆ ಬಿಸಿ ಬಹುಪಾಲು ಹೊರಗೆ ಹೋಗುವುದು ಬೆವರು ಆರಿದರೆ. ನಮ್ಮೂರಲ್ಲಿ ಒಗೆದ ಬಟ್ಟೆಯೇ ಆರುವುದಿಲ್ಲ, ಬೆವರು ಆರುತ್ತದಾ? ಬಿಸಿಲಿನ ದಿನ ದೊಡ್ಡ ರೇಸುಗಳಲ್ಲಿ ಹೊರಡುವ ಮೊದಲು ಮಂಜುಗಡ್ಡೆ ತುಂಬಿದ ಅಂಗಿ ಹಾಕಿಕೊಂಡು ಮೈ ತಂಪು ಮಾಡಿಕೊಳ್ಳುವುದು ಇದಕ್ಕೇ.

2025ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ರುವಾಂಡಾದ ಕಿಗಾಲಿಯಲ್ಲಿ. ಆಫ್ರಿಕಾದಲ್ಲಿ ಅದೇ ಮೊದಲ ಸಲ. ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಎತ್ತರದ ಊರು, ಎಲ್ಲ ಕಡೆ ಗುಡ್ಡ. ಅಲ್ಲಿ ಗಾಳಿ ತೆಳು, ತಡೆ ಕಡಿಮೆ, ಆದರೆ ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆ. ಅಲ್ಲಿ ಗೆದ್ದದ್ದು ಸ್ವಿಟ್ಜರ್‌ಲೆಂಡಿನ ಮಾರ್ಲೆನ್ ರಾಯ್ಸರ್. ಮೊದಲು ವೈದ್ಯೆಯಾಗಿದ್ದವರು. 2020 ಮತ್ತು 2021ರಲ್ಲಿ ಬೆಳ್ಳಿ, 2022ರಲ್ಲಿ ಕಂಚು. 2023ರಲ್ಲಿ ಸ್ಟರ್ಲಿಂಗ್‌ನಲ್ಲಿ ಅರ್ಧ ದಾರಿಯಲ್ಲಿ ಸೈಕಲ್ ನಿಲ್ಲಿಸಿ ರಸ್ತೆಬದಿಯಲ್ಲಿ ಕುಳಿತುಬಿಟ್ಟಿದ್ದರು. ಮುಂದೆ ಹೋಗಲಿಲ್ಲ. ಗುಂಪಿನಲ್ಲಿ ದಣಿದರೆ ಯಾರದ್ದಾದರೂ ಬೆನ್ನಿಗೆ ಅಡಗಿ ಒಂದಷ್ಟು ದೂರ ತಳ್ಳಬಹುದು. ಇಲ್ಲಿ ಅಡಗಲು ಜಾಗವೇ ಇಲ್ಲ.

ಹೆಂಗಸರಿಗೆ ಈ ರೇಸು ಸಿಕ್ಕಿದ್ದು ತಡವಾಗಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1994ರಿಂದ, ಒಲಿಂಪಿಕ್ಸ್‌ನಲ್ಲಿ 1996ರಿಂದ. ಶುರುವಿನ ವರ್ಷಗಳಲ್ಲಿ ಫ್ರಾನ್ಸಿನ ಜಾನಿ ಲಾಂಗೊ ನಾಲ್ಕು ಸಲ ವಿಶ್ವ ಚಾಂಪಿಯನ್ ಆದರು. ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಮೂರು ಒಲಿಂಪಿಕ್ಸ್‌ನಲ್ಲಿ ಸಾಲಾಗಿ ಚಿನ್ನ ಗೆದ್ದರು, ಮೂರನೆಯದು 2016ರಲ್ಲಿ ರಿಯೋದಲ್ಲಿ, 43 ತುಂಬುವ ಹಿಂದಿನ ದಿನ! ನೆದರ್ಲೆಂಡಿನ ಆನೆಮೀಕ್ ವಾನ್ ಫ್ಲೂಟನ್ ಟೋಕಿಯೋದಲ್ಲಿ ಗೆದ್ದಾಗ 38. ವರ್ಷಗಟ್ಟಲೆ ತುಳಿದು ಗಟ್ಟಿಯಾದ ಉಸಿರು, ತನ್ನ ಮಿತಿ ಎಲ್ಲಿ ಅನ್ನುವ ಅಂದಾಜು, ಇವೆರಡೂ ಇಲ್ಲಿ ವಯಸ್ಸಿನ ಜೊತೆ ಕಳೆದುಹೋಗುವುದಿಲ್ಲ. ನನ್ನಂಥವರಿಗೆ ಕೇಳಲು ಖುಷಿಯ ವಿಷಯ.

ದೂರದ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಉಂಟು. ಟೋಕಿಯೋದಲ್ಲಿ ಗಂಡಸರಿಗೆ 44.2 ಕಿಲೋಮೀಟರ್, ಹೆಂಗಸರಿಗೆ 22.1. ಸರಿಯಾಗಿ ಅರ್ಧ, ದೋಸೆ ಮುರಿದು ಕೊಟ್ಟ ಹಾಗೆ. 2022ರಲ್ಲಿ ಆಸ್ಟ್ರೇಲಿಯಾದ ವೊಲಾಂಗಾಂಗ್‌ನಲ್ಲಿ ಇಬ್ಬರಿಗೂ 34.2 ಕೊಟ್ಟರು. ಎಲೆನ್ ವಾನ್ ಡೈಕ್ ಗೆದ್ದರು, ಯಾರಿಗೂ ಏನೂ ಆಗಲಿಲ್ಲ. ಪ್ಯಾರಿಸ್‌ನಲ್ಲೂ ಇಬ್ಬರಿಗೂ 32.4. ಆದರೆ ಅದೇ 2024ರಲ್ಲಿ ಜೂರಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಹೆಂಗಸರಿಗೆ 29.9, ಗಂಡಸರಿಗೆ 46.1. ಅಲ್ಲೂ ಗೆದ್ದದ್ದು ಬ್ರೌನ್. ವಿಟೋರಿಯಾ ಬುಸ್ಸಿ ಎಂಬ ಇಟಲಿಯ ಸೈಕ್ಲಿಸ್ಟ್ 2023ರಲ್ಲಿ ಮೆಕ್ಸಿಕೋದ ಟ್ರ್ಯಾಕ್‌ನಲ್ಲಿ ಒಬ್ಬರೇ ಒಂದು ಗಂಟೆ ತುಳಿದು 50 ಕಿಲೋಮೀಟರ್ ದಾಟಿದ್ದಾರೆ. ಹೆಂಗಸರಿಗೆ ದೂರ ಜಾಸ್ತಿ ಆಗುತ್ತದೆ ಅನ್ನುವವರು ಅದನ್ನೊಮ್ಮೆ ನೋಡಲಿ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಳೆ ಮುಗಿದ ಮೇಲೆ ಒಂದು ಸಂಜೆ ನನ್ನ ಗೇರ್ ಸೈಕಲ್ ತೆಗೆದುಕೊಂಡು ಮಲ್ಪೆ ಪಡುಕೆರೆಗೆ ಹೋದೆ. ಅಲ್ಲಿಂದ ಮಟ್ಟು ಕಡೆಗೆ ಹೋಗುವ ಸಣ್ಣ ರಸ್ತೆ ಉಂಟಲ್ಲ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಐದು ಕಿಲೋಮೀಟರ್ ಹೋಗಿ ತಿರುಗಿ ಬರುವುದು. ಅಣ್ಣನ ಮಗಳು ಗಡಿಯಾರ ಹಿಡಿದು ನಿಂತಿದ್ದಳು. ಬಡಗು ಪಡುವಿನಿಂದ ಗಾಳಿ. ಹೋಗುವಾಗ ಹಾರಿದ ಹಾಗೆ ಹೋದೆ, 10 ನಿಮಿಷ 20 ಸೆಕೆಂಡ್. ನಾನೇನು ಕಡಿಮೆ ಅಂತ ಅನ್ನಿಸಿತು. ತಿರುಗಿದ ಕೂಡಲೇ ಗಾಳಿ ಎದೆಗೆ ಕೈ ಇಟ್ಟು ತಡೆದ ಹಾಗಾಯಿತು. ತೊಡೆ ಕಲ್ಲಾಗಿತ್ತು. ದಾರಿಬದಿಯಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬರು “ಎಂತಾಯ್ತು?” ಅಂತ ಕೇಳಿದರು. ಉತ್ತರ ಕೊಡಲು ಉಸಿರಿರಲಿಲ್ಲ. ಬರುವುದಕ್ಕೆ 14 ನಿಮಿಷ 5 ಸೆಕೆಂಡ್. ಒಟ್ಟು 24.25.

ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಹೋದೆ. ಈ ಸಲ ಹೋಗುವಾಗ ಬೇಕೆಂದೇ ಕಾಲು ಹಿಡಿದಿಟ್ಟೆ. ಬೆನ್ನಗಾಳಿಯಲ್ಲಿ ನಿಧಾನ ಹೋಗುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. 11 ನಿಮಿಷ. ತಿರುಗಿದ ಮೇಲೆ ಮೈ ತಗ್ಗಿಸಿ, ಮೊಣಕೈ ಒಳಗೆ ಎಳೆದುಕೊಂಡು ತುಳಿದೆ, 12 ನಿಮಿಷ 40 ಸೆಕೆಂಡ್. ಒಟ್ಟು 23.40. ಅದೇ ಸೈಕಲ್, ಅದೇ ಕಾಲು, 45 ಸೆಕೆಂಡ್ ಲಾಭ.

ಮೂರನೇ ಸಲ ಇನ್ನೂ ಬೇಗ ಬಂದ ಹಾಗೆ ನನಗೆ ಅನ್ನಿಸಿತು. ಗುರಿ ಮುಟ್ಟಿ ನೋಡಿದರೆ ಅಣ್ಣನ ಮಗಳ ಒಂದು ಕೈಯಲ್ಲಿ ಐಸ್ ಕ್ಯಾಂಡಿ, ಇನ್ನೊಂದು ಕೈಯಲ್ಲಿ ಮೊಬೈಲ್. ಗಡಿಯಾರ ಇನ್ನೂ ಓಡುತ್ತಲೇ ಇತ್ತು.

“ಜೋರು ಬಂದಿದ್ದೀರಿ ಅತ್ತೆ,” ಅಂದಳು. ಅದನ್ನು ಲೆಕ್ಕಕ್ಕೆ ಹಿಡಿಯಲಿಕ್ಕೆ ಆಗುವುದಿಲ್ಲ.